ಬಿದನೂರಿನ ರಾಣಿ, ಬರಿಗಾಲಿನ ಪಾದ್ರಿ

2020ರ ಮಾರ್ಚ್ 22, ಭಾನುವಾರ ಸಂಜೆ ಐದು ಗಂಟೆ. ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ಬಾಲ್ಕನಿಗಳಲ್ಲೂ ಜನ. ಯಾರ ಕೈಯಲ್ಲಿ ತಟ್ಟೆ, ಯಾರ ಕೈಯಲ್ಲಿ ಜಾಗಟೆ. ನಾನೂ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸ್ತಾ ನಿಂತಿದ್ದೆ. ಎದುರು ಬ್ಲಾಕಿನಲ್ಲಿ ಬಾಡಿಗೆಗಿದ್ದ ನರ್ಸ್ ಒಬ್ಬರು ಆಗಷ್ಟೇ ಡ್ಯೂಟಿ ಮುಗಿಸಿ ಗೇಟಿನೊಳಗೆ ಬಂದರು. "ಸಿಸ್ಟರ್, ಇದೆಲ್ಲಾ ನಿಮಗೇ" ಅಂತ ಮೇಲಿಂದ ಯಾರೋ ಕೂಗಿದ್ರು. ಅವರು ಸಂಕೋಚದಿಂದ ಒಮ್ಮೆ ಕೈ ಬೀಸಿ ಒಳಗೆ ಹೋದರು. ನಾನು ವಿಡಿಯೋ ಮಾಡಿ ಸ್ಟೇಟಸ್ ಹಾಕಿದೆ.

ಏಪ್ರಿಲ್ ಕೊನೆಗೆ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. ಅವರು ಕೋವಿಡ್ ವಾರ್ಡಿಗೆ ಹೋಗಿ ಬರ್ತಾರಂತೆ, ಲಿಫ್ಟ್ ನಾವೂ ಬಳಸ್ತೀವಿ, ಮನೇಲಿ ಮಕ್ಕಳಿದ್ದಾರೆ, ಓನರ್ ಜತೆ ಮಾತಾಡೋಣ. ಕೆಳಗೆ ಒಂದರ ಹಿಂದೊಂದು ಥಂಬ್ಸ್ ಅಪ್. ನಾನು "ಇದು ತಪ್ಪು, ಅವರು ಇಲ್ಲೇ ಇರಲಿ" ಅಂತ ಟೈಪ್ ಮಾಡಿದೆ. ಒಂದು ನಿಮಿಷ ನೋಡಿದೆ. ಅಳಿಸಿದೆ. ಎರಡು ದಿನ ಬಿಟ್ಟು ಅವರು ಎರಡು ಸೂಟ್‌ಕೇಸ್ ಹಿಡಿದು ಆಸ್ಪತ್ರೆಯ ಗಾಡಿ ಹತ್ತಿದ್ದನ್ನು ಅದೇ ಬಾಲ್ಕನಿಯಿಂದ ನೋಡಿದೆ. ಆಗ ಯಾರೂ ತಟ್ಟೆ ಬಾರಿಸಲಿಲ್ಲ.

ಇದು ಇತಿಹಾಸದ ಬರಹ. ಆದರೆ ಯಾಕೆ ಬರೀತಿದ್ದೀನಿ ಅನ್ನೋದನ್ನ ಮೊದಲೇ ಹೇಳಿಬಿಟ್ಟರೆ ಒಳ್ಳೇದು.

ಜೂನ್ ಹೊತ್ತಿಗೆ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಹೋದೆ. ನಮ್ಮೂರು ಹೊಸನಗರ ತಾಲ್ಲೂಕಿನಲ್ಲಿ, ನಗರದ ಹತ್ತಿರ. ಮನೆಯಲ್ಲಿ ಸಿಗ್ನಲ್ ಸಿಗಲ್ಲ. ಗುಡ್ಡದ ಮೇಲೆ ಟಾರ್ಪಾಲ್ ಕಟ್ಟಿ, ಜಿಗಣೆ ಕೀಳ್ತಾ ಸ್ಟ್ಯಾಂಡಪ್ ಮೀಟಿಂಗಿಗೆ ಕೂರೋದು. ಸಾಂಕ್ರಾಮಿಕ ರೋಗ ಅಂದರೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ತಾಲ್ಲೂಕಿಗೆ ಮಂಗನ ಕಾಯಿಲೆ ಗೊತ್ತು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಎದೆ ಧಸಕ್ ಅನ್ನುತ್ತೆ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಅದು ಮಾಡಿದ ಅನಾಹುತ ಆಗಿನ್ನೂ ಎಲ್ಲರ ನೆನಪಿನಲ್ಲಿತ್ತು.

ನಾನು ಚಿಕ್ಕವನಿದ್ದಾಗ ಲಸಿಕೆ ಹಾಕೋಕೆ ಒಬ್ಬ ನರ್ಸಮ್ಮ ಬರ್ತಿದ್ರು. ಕುಂದಾಪುರ ಕಡೆಯ ಕ್ರೈಸ್ತರು. ಕತ್ತಿನಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಐಸ್ ಡಬ್ಬಿ. ಬಸ್ಸಿಳಿದು ಮೂರು ಮೈಲಿ ನಡೆದು ಬರೋರು. ಇಂಜೆಕ್ಷನ್ ಅಂದ್ರೆ ಓಡಿಹೋಗುತ್ತಿದ್ದ ಗಂಡಸರನ್ನು ತೋಟದಲ್ಲಿ ಹುಡುಕಿಕೊಂಡು ಹೋಗೋರು. ದೇವರ ಬಗ್ಗೆ ಒಂದು ಮಾತೂ ಆಡಿದ್ದು ನೆನಪಿಲ್ಲ. ನಮ್ಮನೆಯಲ್ಲಿ ಅವರಿಗೆ ಕಾಫಿ ಕೊಡ್ತಿದ್ವಿ. ಜಗಲಿಯಲ್ಲಿ, ಬೇರೆ ಲೋಟದಲ್ಲಿ. ಅವರು ಜಗಲಿ ದಾಟಿ ಒಳಗೆ ಬಂದದ್ದನ್ನು ನಾನು ನೋಡಿಲ್ಲ. ಮೂವತ್ತು ವರ್ಷ ಇದು ನನಗೆ ವಿಚಿತ್ರ ಅನ್ನಿಸಿರಲೇ ಇಲ್ಲ.

ಒಂದು ಶನಿವಾರ ಮಳೆ ಬಿಟ್ಟಾಗ ನಗರದ ಕೋಟೆಗೆ ಹೋದೆ. ಶಾಲೆಯಲ್ಲಿದ್ದಾಗ ಪಿಕ್ನಿಕ್ಕಿಗೆ ಬಂದು ಪುಳಿಯೋಗರೆ ತಿಂದು ಹೋದ ಜಾಗ. ಪಾಚಿ ಹಿಡಿದ ಗೋಡೆ, ಕೆಂಪು ನೀರು ತುಂಬಿದ ಕೊಳ, ಒಳಗೆ ಅರಮನೆಯ ತಳಪಾಯ. ಈ ಊರಿನ ಹಳೇ ಹೆಸರು ಬಿದನೂರು. ಇಲ್ಲಿಂದ ಆಳಿದವಳು ಕೆಳದಿ ಚೆನ್ನಮ್ಮ. ಔರಂಗಜೇಬನ ಸೈನ್ಯಕ್ಕೆ ಎದೆಯೊಡ್ಡಿದ ರಾಣಿ ಅನ್ನೋದಷ್ಟೇ ನನಗೆ ಗೊತ್ತಿತ್ತು. ವಾಪಸ್ ಬಂದು ಗುಡ್ಡದ ಮೇಲೆ ಕೂತು ಓದೋಕೆ ಶುರು ಮಾಡಿದಾಗಲೇ ಗೊತ್ತಾಗಿದ್ದು, ಪಠ್ಯಪುಸ್ತಕದಲ್ಲಿದ್ದ ಆ ಒಂದು ಸಾಲಿನ ಆಚೀಚೆ ಎಷ್ಟೊಂದು ಕತೆ ಇದೆ ಅಂತ. ಅದರಲ್ಲಿ ಒಂದು ಎಳೆ ಮಂಗಳೂರಿನ ಚರ್ಚಿಗೆ ಹೋಗುತ್ತೆ. ಅಲ್ಲಿಂದ ಸಿಲೋನಿಗೆ.

ಮೊದಲು ಭೂಗೋಳ. ಕೆಳದಿ ಅರಸರ ಕತೆಯನ್ನು ನಮ್ಮ ಮೂರು ತಾಲ್ಲೂಕಿನೊಳಗೇ ಸುತ್ತಿ ಮುಗಿಸಬಹುದು. ಹದಿನೈದನೇ ಶತಮಾನದ ಕೊನೆಗೆ ಸಾಗರದ ಪಕ್ಕದ ಕೆಳದಿಯಲ್ಲಿ ಶುರು. ಆಮೇಲೆ ಅಲ್ಲೇ ಹತ್ತಿರದ ಇಕ್ಕೇರಿ. ಬಿಜಾಪುರದ ಸೈನ್ಯ ಇಕ್ಕೇರಿಗೆ ನುಗ್ಗಿದ ಮೇಲೆ, 1640ರ ಸುಮಾರಿಗೆ, ಸುತ್ತ ಗುಡ್ಡ ಇರೋ ಬಿದನೂರು. ಕಷ್ಟ ಬಂದರೆ ಅಡಗೋಕೆ ತೀರ್ಥಹಳ್ಳಿ ಕಡೆಯ ಕವಲೇದುರ್ಗ. ಘಟ್ಟ ಇಳಿದರೆ ಹೊನ್ನಾವರ, ಬಸ್ರೂರು, ಮಂಗಳೂರು ಬಂದರುಗಳು. ಮೇಲಿನ ಮೆಣಸು, ಕೆಳಗಿನ ಅಕ್ಕಿ, ಇವೆರಡರ ಮೇಲೆ ನಿಂತ ರಾಜ್ಯ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಅಂತ ಕರೆದ. ಕೊನೆಗೆ ಹೈದರ್ ಹೋಗಿ ಬರೀ ನಗರ ಉಳಿಯಿತು.

ಚೆನ್ನಮ್ಮ ರಾಜಮನೆತನದಲ್ಲಿ ಹುಟ್ಟಿದವಳಲ್ಲ, ವ್ಯಾಪಾರಿಯ ಮಗಳು ಅಂತ ಹೇಳುತ್ತಾರೆ. ಗಂಡ ಸೋಮಶೇಖರ ನಾಯಕನ ಕೊಲೆಯಾದ ಮೇಲೆ 1671ರ ಸುಮಾರಿಗೆ ರಾಜ್ಯ ಆಕೆಯ ಕೈಗೆ ಬಂತು. ಮಕ್ಕಳಿಲ್ಲ, ಬಸಪ್ಪ ಅನ್ನೋ ಹುಡುಗನನ್ನು ದತ್ತು ತಗೊಂಡಳು. ಇಪ್ಪತ್ತೈದು ವರ್ಷ ಆಳಿದಳು. ಶಿವಭಕ್ತೆ, ಮಠಗಳಿಗೆ, ಜಂಗಮರಿಗೆ ಧಾರಾಳವಾಗಿ ದಾನ ಮಾಡಿದವಳು. ಆದರೆ ದಾನ ಮಾಡದ ರಾಜರು ಯಾರಿದ್ದಾರೆ ಹೇಳಿ? ದೇವಸ್ಥಾನ ಕಟ್ಟಿಸೋದು, ಶಾಸನ ಬರೆಸೋದು ಆ ಕಾಲದ ಫ್ಲೆಕ್ಸ್ ಬೋರ್ಡು. ಅದರಿಂದ ಒಬ್ಬರ ಭಕ್ತಿ ಎಷ್ಟು ಆಳ ಅಂತ ಗೊತ್ತಾಗಲ್ಲ. ಅದು ಗೊತ್ತಾಗೋಕೆ ಬೇರೆ ಪರೀಕ್ಷೆ ಬೇಕು.

ಈಗ ಘಟ್ಟದ ಕೆಳಗೆ ಬನ್ನಿ. ಆಗ ಕೆನರಾ ಕರಾವಳಿಯಲ್ಲಿ ಗೋವೆಯಿಂದ ಬಂದು ನೆಲೆಸಿದ್ದ ಕೊಂಕಣಿ ಕ್ರೈಸ್ತರು ಬಹಳ ಜನ ಇದ್ದರು. ಬರಗಾಲ, ಯುದ್ಧ, ತೆರಿಗೆ ಹೀಗೆ ಕಾರಣ ಹಲವು. ಅದರಲ್ಲಿ ಒಂದು ಇನ್‌ಕ್ವಿಸಿಷನ್. 1560ರಲ್ಲಿ ಗೋವೆಯಲ್ಲಿ ಶುರುವಾದ ಈ ಧಾರ್ಮಿಕ ನ್ಯಾಯಾಲಯ, ಮತಾಂತರವಾದವರು ಹಳೇ ಪದ್ಧತಿ ಬಿಟ್ಟಿದ್ದಾರೋ ಇಲ್ಲವೋ ಅಂತ ಮನೆಯೊಳಗೆ ಇಣುಕಿ ನೋಡುತ್ತಿತ್ತು. ನಿನ್ನ ನೆರೆಯವನು ಹಸಿದಿದ್ದಾನಾ ಅಂತಲ್ಲ, ನಿನ್ನ ಮನೆಯ ಆಚಾರ ಸರಿಯಿದೆಯಾ ಅಂತ. ತಮ್ಮದೇ ಧರ್ಮದವರ ಆಡಳಿತಕ್ಕೆ ಹೆದರಿದ ಎಷ್ಟೋ ಕುಟುಂಬಗಳು ಬಂದು ನೆಲೆ ನಿಂತಿದ್ದು ಶಿವಭಕ್ತ ಅರಸರ ನೆಲದಲ್ಲಿ.

1678ರಲ್ಲಿ ಬಿದನೂರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಕರಾವಳಿಯ ಕೆಲವು ಊರುಗಳಲ್ಲಿ ಚರ್ಚ್ ಕಟ್ಟಿಕೊಳ್ಳೋಕೆ ಅದರಲ್ಲಿ ಅನುಮತಿ ಸಿಕ್ಕಿತು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚಿನ ಹುಟ್ಟಿದ ವರ್ಷವೂ 1678. ಎರಡು ವರ್ಷದ ನಂತರ ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಬಂತು. ಅದನ್ನು ಸ್ಥಾಪಿಸಿದ ಬಿಷಪ್ ತೋಮಸ್ ಡಿ ಕ್ಯಾಸ್ಟ್ರೋ ಅವರಿಗೆ ಜಾಗ ಕೊಟ್ಟಿದ್ದು ಚೆನ್ನಮ್ಮ. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ಆ ಚರ್ಚಿನ ಮುಂದೆ ಎಷ್ಟು ಸಲ ನಿಂತಿದ್ದೀನೋ. ಅದು ನಮ್ಮ ಘಟ್ಟದ ಮೇಲಿನ ರಾಣಿ ಕೊಟ್ಟ ನೆಲ ಅಂತ ಗೊತ್ತೇ ಇರಲಿಲ್ಲ.

ಇದನ್ನೆಲ್ಲ ಬರೀ ಸರ್ವಧರ್ಮ ಸಮಭಾವ ಅಂತ ಹಾಡಿ ಹೊಗಳೋದು ಸುಲಭ. ಲೆಕ್ಕಾಚಾರವೂ ಇತ್ತು ಅನ್ನಿ. ಗೋವೆಗೆ ಕೆನರಾದ ಅಕ್ಕಿ ಬೇಕಿತ್ತು, ಬಿದನೂರಿಗೆ ಕಡಲ ದಾರಿ ಸಲೀಸಾಗಿರಬೇಕಿತ್ತು. ಚರ್ಚಿಗೆ ಜಾಗ ಕೊಟ್ಟಿದ್ದು ಒಳ್ಳೆಯತನ, ಜಾಣತನ ಎರಡೂ. ಅದು ಇನ್ನೂ ಪರೀಕ್ಷೆ ಅಲ್ಲ.

1681ರಲ್ಲಿ ಗೋವೆಯಿಂದ ಒಬ್ಬ ಮೂವತ್ತರ ಪಾದ್ರಿ ಈ ಕರಾವಳಿಗೆ ಬಂದರು. ಹೆಸರು ಜೋಸೆಫ್ ವಾಜ್. ಬೆನಾವ್ಲಿಮ್‌ನಲ್ಲಿ 1651ರಲ್ಲಿ ಹುಟ್ಟಿದ ಕೊಂಕಣಿ. ಪಾದ್ರಿಯಾದ ಮೇಲೆ ಬಡವರ ಹಾಗೆ ಬರಿಗಾಲಲ್ಲೇ ಓಡಾಡೋಕೆ ಶುರು ಮಾಡಿದವರು. ಅವರು ಬಂದಾಗ ಇಲ್ಲಿನ ಕ್ರೈಸ್ತರ ಮಧ್ಯೆ ದೊಡ್ಡ ಜಗಳ ನಡೀತಿತ್ತು. ಈ ಸೀಮೆಯ ಚರ್ಚುಗಳ ಮೇಲೆ ಅಧಿಕಾರ ಯಾರದ್ದು? ಪೋರ್ಚುಗಲ್ ದೊರೆಯ ಹಕ್ಕಿನಲ್ಲಿ ನಡೆಯುವ ಗೋವೆಯದ್ದೋ, ರೋಮ್ ನೇರವಾಗಿ ನೇಮಿಸಿದ ಬಿಷಪ್ ಕ್ಯಾಸ್ಟ್ರೋ ಅವರದ್ದೋ? ಬಹಿಷ್ಕಾರದ ಮಾತಿನವರೆಗೂ ಹೋಗಿದ್ದ ಜಗಳ ಅದು. ವಾಜ್ ಬಂದಿದ್ದು ಗೋವೆಯ ಪರವಾಗಿ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಪ್ರಾಜೆಕ್ಟಿಗೆ ಇಬ್ಬರು ಮ್ಯಾನೇಜರ್, ಇವರು ಒಬ್ಬ ಮ್ಯಾನೇಜರ್ ಕಳಿಸಿದ ಹುಡುಗ.

ಇಂಥ ಕಡೆ ಹೋದವರು ಸಾಮಾನ್ಯವಾಗಿ ತಮ್ಮ ಕಡೆಯವರ ಧ್ವಜ ಎತ್ತುತ್ತಾರೆ. ವಾಜ್ ಬಿಷಪ್ಪರನ್ನು ಗೌರವದಿಂದ ಕಂಡರು, ರಾಜಿಗೆ ಪ್ರಯತ್ನಪಟ್ಟರು, ಮಿಕ್ಕ ಹೊತ್ತು ಜನರ ನಡುವೆ ಕೆಲಸ ಮಾಡಿದರು. ಗಂಗೊಳ್ಳಿ, ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಮೂಲ್ಕಿ, ಮಂಗಳೂರು ಎಲ್ಲ ಕಡೆ ನಡೆದೇ ತಿರುಗಿದರು. ಕಾಯಿಲೆಯವರನ್ನು ನೋಡಿಕೊಂಡರು, ಶಾಲೆ ಶುರು ಮಾಡಿದರು, ಗುಲಾಮರಾಗಿದ್ದ ಕ್ರೈಸ್ತರನ್ನು ದುಡ್ಡು ಕೊಟ್ಟು ಬಿಡಿಸಿದರು. ಇದೆಲ್ಲ ನಡೆದಿದ್ದು ಚೆನ್ನಮ್ಮನ ರಾಜ್ಯದಲ್ಲಿ. 1684ರಲ್ಲಿ ಗೋವೆಗೆ ವಾಪಸ್ ಹೋದರು. ಅಲ್ಲಿನ ಯುರೋಪಿಯನ್ ಸಂನ್ಯಾಸಿ ಸಂಘಗಳು ಸ್ಥಳೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಸ್ಥಳೀಯ ಪಾದ್ರಿಗಳೇ ಕಟ್ಟಿಕೊಂಡಿದ್ದ ಒಂದು ಸಣ್ಣ ಸಂಘ ಸೇರಿ ಅದರ ಮುಖ್ಯಸ್ಥರಾದರು. ಅಲ್ಲೇ ಆರಾಮಾಗಿ ಇದ್ದುಬಿಡಬಹುದಿತ್ತು.

ಆದರೆ ಸಿಲೋನಿನ ಸುದ್ದಿ ಅವರನ್ನು ಕೂರೋಕೆ ಬಿಡಲಿಲ್ಲ. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿದ್ದರು. ಡಚ್ಚರೂ ಕ್ರೈಸ್ತರೇ, ಆದರೆ ಪ್ರೊಟೆಸ್ಟೆಂಟರು. ಕ್ಯಾಥೊಲಿಕ್ ಪಾದ್ರಿಗಳು ಕಾಲಿಡುವಂತಿಲ್ಲ, ಅಡಗಿಸಿಟ್ಟವರಿಗೂ ಶಿಕ್ಷೆ. 1687ರಲ್ಲಿ ವಾಜ್ ಕೂಲಿಯವನ ವೇಷದಲ್ಲಿ, ಜಾನ್ ಅನ್ನೋ ಸೇವಕನ ಜತೆ, ಜಾಫ್ನಾ ತಲುಪಿದರು. ದಾರಿಯಲ್ಲೇ ಕಾಯಿಲೆ ಹಿಡಿದಿತ್ತು. ಚೇತರಿಸಿಕೊಂಡ ಮೇಲೆ ಕತ್ತಿಗೆ ಜಪಮಾಲೆ ಹಾಕಿಕೊಂಡು ಮನೆಮನೆ ಭಿಕ್ಷೆ ಬೇಡಿದರು. ಆ ಮಾಲೆ ನೋಡಿ ಯಾರ ಮುಖದಲ್ಲಿ ಏನಾಗುತ್ತೆ ಅಂತ ಗಮನಿಸಿ ತಮ್ಮವರನ್ನು ಗುರುತು ಹಿಡಿಯಬೇಕಿತ್ತು. ಯೋಚನೆ ಮಾಡಿ. ನಮಗೆ ಧಾರ್ಮಿಕ ಚಿಹ್ನೆ ಅಂದರೆ ಕಾರಿನ ಹಿಂದಿನ ಸ್ಟಿಕ್ಕರ್, ಪ್ರೊಫೈಲ್ ಫೋಟೋ. ಹಾಕಿಕೊಂಡರೆ ಹತ್ತು ಲೈಕ್ ಜಾಸ್ತಿ. ಅವರಿಗೆ ಅದು ಜೈಲಿಗೆ ಹೋಗೋಕೆ ಸಾಕಾಗುವಷ್ಟು ಸಾಕ್ಷಿ.

ಜೈಲೂ ಆಯಿತು. ಒಳನಾಡಿನ ಕ್ಯಾಂಡಿಯ ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯನ ರಾಜ್ಯಕ್ಕೆ 1692ರಲ್ಲಿ ಹೋದಾಗ ಪೋರ್ಚುಗೀಸ್ ಗೂಢಚಾರ ಅಂತ ಹಿಡಿದು ಹಾಕಿದರು. ನಿಧಾನಕ್ಕೆ ದೊರೆಗೆ ಇವರು ಎಂಥವರು ಅಂತ ಅರ್ಥವಾಯಿತು, ಓಡಾಡೋಕೆ ಬಿಟ್ಟ. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಉಳ್ಳವರು ಊರು ಬಿಟ್ಟರು, ರೋಗ ಬಂದವರನ್ನು ಮನೆಯವರೇ ಕಾಡಿನಲ್ಲಿ ಬಿಟ್ಟು ಹೋದರು. ವಾಜ್ ಮತ್ತು ಅವರ ಅಕ್ಕತಂಗಿಯರ ಪೈಕಿ ಮಗನಾದ ಪಾದ್ರಿ ಕಾರ್ವಾಲೊ ಊರು ಬಿಡಲಿಲ್ಲ. ರೋಗಿಗಳಿಗೆ ಆಸರೆ ಒದಗಿಸಿದರು, ಉಣ್ಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಇವನು ಕ್ರೈಸ್ತನಾ ಬೌದ್ಧನಾ ಅಂತ ಕೇಳಲಿಲ್ಲ.

ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಹೊರಟ ಮೇಲೆ ಮತ್ತೆ ಗೋವೆ ನೋಡಲೇ ಇಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊಗೆ ಬಂದು ಅವರನ್ನು ಸಂತ ಅಂತ ಘೋಷಿಸಿದರು. ಲಕ್ಷಾಂತರ ಜನ ಸೇರಿದ್ದರು. ಬದುಕಿದ್ದಾಗ ಅವರಿಗೆ ಬೇಕಾಗಿದ್ದು ಯಾರ ಕಣ್ಣಿಗೂ ಬೀಳದ ಹಾಗೆ ನಡೆದಾಡೋದು.

ಈಗ ವಾಪಸ್ ಬಿದನೂರಿಗೆ. ವಾಜ್ ಜಾಫ್ನಾ ಮುಟ್ಟಿ ಎರಡು ವರ್ಷ. 1689ರ ಮಾರ್ಚಿನಲ್ಲಿ ಔರಂಗಜೇಬ ಶಿವಾಜಿಯ ಹಿರಿಮಗ ಸಂಭಾಜಿಯನ್ನು ಹಿಂಸಿಸಿ ಕೊಲ್ಲಿಸಿದ. ಕಿರಿಮಗ ರಾಜಾರಾಮನಿಗೆ ಆಗ ಹತ್ತೊಂಬತ್ತು. ರಾಯಗಡದಿಂದ ತಪ್ಪಿಸಿಕೊಂಡು, ಪನ್ಹಾಳಕ್ಕೆ ಬಂದು, ಅಲ್ಲಿಂದ ಸೆಪ್ಟೆಂಬರ್ ಕೊನೆಗೆ ತಮಿಳುನಾಡಿನ ಜಿಂಜಿ ಕೋಟೆ ಕಡೆ ಹೊರಟ. ದಾರಿಯುದ್ದಕ್ಕೂ ಮೊಘಲರು. ವೇಷ, ಲಿಂಗಾಯತ ಯಾತ್ರಿಕರದ್ದು. ನಡುವೆ ಇದ್ದಿದ್ದು ಚೆನ್ನಮ್ಮನ ರಾಜ್ಯ.

ಔರಂಗಜೇಬ ಆಗ ಎಷ್ಟು ಬಲವಾಗಿದ್ದ ಅಂದರೆ 1686ರಲ್ಲಿ ಬಿಜಾಪುರ ನುಂಗಿದ್ದ, 1687ರಲ್ಲಿ ಗೋಲ್ಕೊಂಡ ನುಂಗಿದ್ದ. ಅವುಗಳ ಮುಂದೆ ಬಿದನೂರು ಯಾವ ಲೆಕ್ಕ? ರಾಜಾರಾಮ ಆಕೆಯ ನೆಂಟನಲ್ಲ, ಜಾತಿಯವನಲ್ಲ, ಭಾಷೆಯವನಲ್ಲ. ಮರಾಠರು ಬಿದನೂರಿಗೆ ಯಾವತ್ತೂ ಸಾಧು ನೆರೆಯವರಾಗಿರಲೂ ಇಲ್ಲ; ಶಿವಾಜಿಯೇ ಬಸ್ರೂರನ್ನು ಕೊಳ್ಳೆ ಹೊಡೆದಿದ್ದ. ಬಾಗಿಲು ಹಾಕಿಕೊಳ್ಳೋಕೆ ಚೆನ್ನಮ್ಮನ ಹತ್ತಿರ ಎಲ್ಲ ಕಾರಣಗಳೂ ಇದ್ದವು, ಎಲ್ಲವೂ ಸಮಂಜಸವಾದ ಕಾರಣಗಳು. ಲಿಫ್ಟ್ ನಾವೂ ಬಳಸ್ತೀವಿ, ಮಕ್ಕಳಿದ್ದಾರೆ ಅನ್ನೋದೂ ಸಮಂಜಸವಾದ ಕಾರಣವೇ ಅಲ್ವಾ?

ನಮ್ಮ ಕಡೆ ಹೇಳೋ ಕತೆಯಲ್ಲಿ, ರಾಣಿ ಜಂಗಮರಿಗೆ ದಾನ ಮಾಡುತ್ತಾ ಕೂತಿದ್ದಾಗ ಅವರ ಸಾಲಿನಲ್ಲೇ ಈ ಹುಡುಗ ಬರುತ್ತಾನೆ. ಮಂತ್ರಿಗಳು ಬೇಡ ಅನ್ನುತ್ತಾರೆ, ಆಕೆ ಕೇಳುವುದಿಲ್ಲ. ಕತೆಯಲ್ಲಿ ಎಷ್ಟು ಸೇರಿಕೊಂಡಿದೆಯೋ ಇರಲಿ. ಆದರೆ ಆ ಚಿತ್ರ ನನಗಿಷ್ಟ. ಅಷ್ಟು ವರ್ಷ ಆಕೆ ಕಾವಿ ಬಟ್ಟೆ ನೋಡಿ ದಾನ ಕೊಟ್ಟಿದ್ದಳು. ಅದಕ್ಕೆ ಖರ್ಚಾಗಿದ್ದು ಬೊಕ್ಕಸದ ದುಡ್ಡು ಮಾತ್ರ. ಆವತ್ತು ಅದೇ ಬಟ್ಟೆಯೊಳಗಿಂದ, ಇಡೀ ರಾಜ್ಯವನ್ನೇ ಪಣಕ್ಕಿಡಬೇಕಾದ ಒಬ್ಬ ಮನುಷ್ಯ ಎದ್ದು ಬಂದ.

ರಾಜಾರಾಮ ಆಕೆಯ ನೆರವಿನಿಂದ ಸುರಕ್ಷಿತವಾಗಿ ದಾಟಿ ಹೋದ. ಮುಂದೆ ನಮ್ಮ ಬೆಂಗಳೂರಿನಲ್ಲೇ ಸಿಕ್ಕಿಬೀಳುವುದರಲ್ಲಿದ್ದ ಅಂತ ಮರಾಠರ ಇತಿಹಾಸ ಬರೆದವರು ಹೇಳುತ್ತಾರೆ. ತಂಗಿದ್ದ ಕಡೆ ಜತೆಯವರು ಅಭ್ಯಾಸ ಬಲದಿಂದ ಅವನ ಕಾಲು ತೊಳೆದರಂತೆ. ಬಡ ಯಾತ್ರಿಕನಿಗೆ ಇಷ್ಟು ಮರ್ಯಾದೆಯಾ ಅಂತ ನೋಡಿದವರಿಗೆ ಅನುಮಾನ ಬಂತು. ತೋರಿಕೆಯ ಗೌರವವೇ ಪ್ರಾಣಕ್ಕೆ ಕುತ್ತಾಗಿತ್ತು. ಹೇಗೋ ಪಾರಾಗಿ ನವೆಂಬರ್ ಮೊದಲಿಗೆ ಜಿಂಜಿ ಸೇರಿದ.

ಇತ್ತ ಔರಂಗಜೇಬನ ಸೈನ್ಯ ಜಾನ್ ನಿಸಾರ್ ಖಾನನ ಕೈಕೆಳಗೆ ಬಿದನೂರಿಗೆ ನುಗ್ಗಿತು. ನಮ್ಮ ಕಡೆಯ ಬರಹಗಳು ಇದನ್ನು ಚೆನ್ನಮ್ಮನ ಗೆಲುವು ಅನ್ನುತ್ತವೆ. ಜದುನಾಥ ಸರ್ಕಾರ್ ಬರೆದ ಇತಿಹಾಸದ ಪ್ರಕಾರ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ ನೆರವಿಗೆ ಬಂದ, ರಾಣಿ ಸಣ್ಣ ಮೊತ್ತದ ದಂಡ ಕೊಟ್ಟು ಸಂಧಿ ಮಾಡಿಕೊಂಡಳು. ಚಿಕ್ಕವನಿದ್ದಾಗ ಓದಿದ್ದರೆ ಈ ದಂಡದ ವಿಷಯ ಕೇಳಿ ಬೇಜಾರಾಗ್ತಿತ್ತೇನೋ. ಈಗ ಅದೇ ಆ ಕತೆಯ ತೂಕ ಅನ್ನಿಸುತ್ತೆ. ಯಾರೋ ಗುರುತಿಲ್ಲದ ಹುಡುಗನಿಗೆ ದಾರಿ ಬಿಟ್ಟಿದ್ದಕ್ಕೆ ಆಕೆ ಬಿಲ್ ಕಟ್ಟಿದಳು. ಧೈರ್ಯ ಅಂದರೆ ಯಾವಾಗಲೂ ಕತ್ತಿ ಹಿಡಿದ ಪ್ರತಿಮೆ ಅಲ್ಲ. ಕೆಲವು ಸಲ ಅದು ಒಂದು ರಸೀದಿ.

ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಂಡಿದ್ದು ಇಷ್ಟು. ಶಿಲುಬೆ ಗೋವೆಯ ಇನ್‌ಕ್ವಿಸಿಷನ್ನಿನ ಕೈಯಲ್ಲೂ ಇತ್ತು, ವಾಜ್ ಕತ್ತಿನಲ್ಲೂ ಇತ್ತು. ವಿಭೂತಿ ಬಾಗಿಲು ಹಾಕಿ ಅಂದ ಹಣೆಯ ಮೇಲೂ ಇದ್ದಿರಬೇಕು, ಬಾಗಿಲು ತೆರೆದ ರಾಣಿಯ ಹಣೆಯ ಮೇಲೂ ಇತ್ತು. ಚಿಹ್ನೆ ಏನನ್ನೂ ಹೇಳಲ್ಲ. ತಮಗೆ ಸಂಬಂಧಪಡದ ಒಬ್ಬರಿಗಾಗಿ ಏನು ಕಳೆದುಕೊಳ್ಳೋಕೆ ತಯಾರಿದ್ದಾರೆ ಅನ್ನೋದು ಹೇಳುತ್ತೆ. ವಾಜ್ ತರಹ ಸಿಡುಬಿನ ಮನೆಯೊಳಗೆ ಹೋಗೋರು ನೂರಕ್ಕೊಬ್ಬರು. ನಾನು ಆ ಒಬ್ಬನಲ್ಲ, ಅದು ಗೊತ್ತು. ಆದರೆ ಹಾಗೆ ಒಳಗೆ ಹೋಗಿ ಬಂದವರು ರಾತ್ರಿ ಮಲಗೋಕೆ ಒಂದು ಮನೆ ಬೇಕಲ್ಲ? ಆ ಬಾಗಿಲು ಹಾಕದೇ ಇರೋಕೆ ಸಂತರಾಗಬೇಕಿಲ್ಲ. ನನಗೆ ಬೇಕಿದ್ದದ್ದು ಒಂದು ಬಟನ್ ಒತ್ತುವಷ್ಟು ಧೈರ್ಯ. ತಪ್ಪಿದ್ದರೆ ತಪ್ಪುತ್ತಿದ್ದದ್ದು ಗ್ರೂಪಿನವರ ನಾಲ್ಕು ದಿನದ ಗುಡ್ ಮಾರ್ನಿಂಗ್.

ಊರಿನಲ್ಲಿ ಆ ಸಂಜೆ ಅಮ್ಮನನ್ನು ಕೇಳಿದೆ, ಆ ನರ್ಸಮ್ಮ ಈಗ ಎಲ್ಲಿದ್ದಾರೆ ಅಂತ. ರಿಟೈರಾಗಿ ಎಷ್ಟೋ ವರ್ಷ ಆಯ್ತು ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ಕರೀಬೇಕಿತ್ತು ಕಣೋ, ಅತ್ತೆಗೆ ಹೆದರ್ತಿದ್ದೆ" ಅಂದಳು. ನಾನು ಕೇಳದೇ ಬಂದ ಉತ್ತರ ಅದು. ಅಮ್ಮನೂ ಇಷ್ಟು ವರ್ಷ ಅದನ್ನ ಹೊತ್ತುಕೊಂಡೇ ಇದ್ದಳು.

ಮರುವರ್ಷ ಎದುರು ಬ್ಲಾಕಿನ ಓನರ್ ಹತ್ತಿರ ನಂಬರ್ ಇಸ್ಕೊಂಡು ಆ ಸಿಸ್ಟರಿಗೆ ಮೆಸೇಜ್ ಮಾಡಿದೆ. ಅವತ್ತು ನಾನು ಮಾತಾಡಬೇಕಿತ್ತು, ಆಡಲಿಲ್ಲ, ಕ್ಷಮಿಸಿ ಅಂತ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು. "ಪರವಾಗಿಲ್ಲ ಸರ್. ಆಗ ಡ್ಯೂಟಿ ಜಾಸ್ತಿ ಇತ್ತು, ಬೇಜಾರ್ ಮಾಡ್ಕೊಳ್ಳೋಕೂ ಟೈಮ್ ಇರ್ಲಿಲ್ಲ."

ಆ ಸ್ಟೇಟಸ್ ವಿಡಿಯೋ ಇನ್ನೂ ಫೋನಿನಲ್ಲಿದೆ. ಅಳಿಸಿಲ್ಲ. ಅದರಲ್ಲಿ ನನ್ನ ತಟ್ಟೆಯ ಸದ್ದೇ ಎಲ್ಲರಿಗಿಂತ ಜೋರಾಗಿ ಕೇಳುತ್ತೆ.